ಕರಗದೆ ಬೆಂದ ಕಲ್ಲು

ದ್ಯಾಮವ್ವ ಬಿದ್ದದ್ದು ನಡುಹೊಳೆಯಲ್ಲಿ.

ಆಕೆ ಸೂಲಗಿತ್ತಿ. ಹೊಳೆಯ ಈ ದಂಡೆಯಲ್ಲಿ ಆಕೆಯ ಗುಡಿಸಲು, ಆ ದಂಡೆಯಲ್ಲಿ ಊರು. ಯಾರಿಗಾದರೂ ಹೆರಿಗೆ ನೋವು ಶುರುವಾದರೆ ಆಚೆಯಿಂದ ಕೂಗು ಬರುತ್ತಿತ್ತು. ದ್ಯಾಮವ್ವ ಸೀರೆ ಎತ್ತಿ ಕಟ್ಟಿ ಹೊರಡುತ್ತಿದ್ದಳು.

ದಾಟಲು ಹೊಳೆಗೆ ಅಡ್ಡವಾಗಿ ಇಪ್ಪತ್ತು ಕಲ್ಲುಗಳಿದ್ದವು. ಅವನ್ನು ಕಡಿದು ಸಾಲಾಗಿ ನಿಲ್ಲಿಸಿದವನು ಮೌನೇಶ, ಈ ದಂಡೆಯ ಆಶ್ರಮದ ಶಿಷ್ಯ.

ಕಲ್ಲು ನಿಲ್ಲಿಸಿದ್ದು ಅದೇ ಬೇಸಿಗೆಯಲ್ಲಿ, ಹೊಳೆ ಬತ್ತಿದ್ದಾಗ. ಮೊದಲ ಮಳೆಗಾಲ. ದ್ಯಾಮವ್ವ ಕಾಲಿಟ್ಟ ಕಲ್ಲು ನೆನೆದ ಬೆಲ್ಲದಂತೆ ಕುಸಿಯಿತು.

ಆಕೆಯ ಕಾಲು ಮುರಿಯಿತು. ಆಚೆ ದಂಡೆಯಲ್ಲಿ ಹೆರಿಗೆ ಆಕೆ ಇಲ್ಲದೆಯೇ ಆಯಿತು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ.

ಮೌನೇಶ ಮೂರು ದಿನ ಊಟ ಬಿಟ್ಟ. ನಾಲ್ಕನೆಯ ದಿನ ಉಳಿ, ಸುತ್ತಿಗೆಗಳನ್ನು ಒಂದು ಬಟ್ಟೆಯಲ್ಲಿ ಕಟ್ಟಿ ತಂದು ಗುರುಗಳ ಮುಂದೆ ಇಟ್ಟ.

ಗುರು ಮುರಿಗೆಮ್ಮ ತಾಯಿ. ಎಪ್ಪತ್ತು ದಾಟಿದ ಜೀವ. ಸುತ್ತಲಿನವರೆಲ್ಲ ಅವರನ್ನು ಅವ್ವಾರು ಎನ್ನುತ್ತಿದ್ದರು. ಅವರು ಮೆಟ್ಟಿಲ ಮೇಲೆ ಕುಳಿತು ಬೇಳೆ ಆರಿಸುತ್ತಿದ್ದರು.

"ಇವನ್ನ ಹೊಳಿಗೆ ಹಾಕಿಬಿಡ್ರಿ ಅವ್ವಾರ. ಇನ್ನ ನಾ ಕಲ್ಲು ಮುಟ್ಟೂದಿಲ್ಲ."

"ಯಾಕ?"

"ಕಲ್ಲು ನನಗ ಮೋಸ ಮಾಡ್ತು."

"ಆ ಕಲ್ಲು ಎಲ್ಲಿಂದ ತಂದಿದ್ದಿ?"

"ಇಲ್ಲೇ, ದಂಡಿ ಮ್ಯಾಲಿಂದ. ಕೆಂಪು ಮರಳಗಲ್ಲು. ಉಳಿ ಇಟ್ಟರ ಸಾಕು, ಬೆಣ್ಣಿ ಹಂಗ ಕೊಯ್ತಿತ್ತು. ಹನ್ನೊಂದು ದಿನದಾಗ ಇಪ್ಪತ್ತೂ ಕಡದೆ."

"ಕೊಯ್ಯುವಾಗ ಖುಷಿ ಆಗಿತ್ತೇನು?"

ಮೌನೇಶ ತಲೆ ತಗ್ಗಿಸಿದ. "ಆಗಿತ್ರಿ."

"ಹಂಗಾದ್ರ ಕಲ್ಲು ಮೊದಲನೇ ದಿನಾನ ನಿನಗ ಖರೇ ಹೇಳೇತಿ. ನೀ ಕೇಳಿಲ್ಲ."

ಅವ್ವಾರು ಬೇಳೆಯ ಮೊರವನ್ನು ಪಕ್ಕಕ್ಕಿಟ್ಟರು. ಕಡಿದುಳಿದ ಆ ಕಲ್ಲಿನ ಒಂದು ತುಂಡು ತರಿಸಿದರು. ನೀರು ತುಂಬಿದ ಬೋಗುಣಿಯಲ್ಲಿ ಅದನ್ನು ಹಾಕಿ ಹೇಳಿದರು:

"ನಾಳೆ ಬಾ."

ಮರುದಿನ ಬೋಗುಣಿಯಲ್ಲಿ ಕಲ್ಲಿರಲಿಲ್ಲ. ತಳದಲ್ಲಿ ಒಂದು ಹಿಡಿ ಮರಳು, ಮೇಲೆ ಕೆಂಪು ನೀರು.

"ಏನಿದು?"

"ಮರಳು."

"ಇದನ್ನ ಮತ್ತ ಕಲ್ಲು ಮಾಡು. ಅಲ್ಲೀತನಕ ನಿನ್ನ ಗಂಟು ನನ್ನ ಹತ್ರ ಇರಲಿ."

ಅವರು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡ. ಮುಖ ನೋಡಿದ. ತಮಾಷೆಯಾಗಿರಲಿಲ್ಲ.

*

ಮೌನೇಶ ಕಟ್ಟಿಗೆಯ ಅಚ್ಚು ಮಾಡಿದ. ಅದರಲ್ಲಿ ಹಸಿ ಮರಳು ತುಂಬಿದ. ಮೇಲೆ ಹಲಗೆ, ಹಲಗೆಯ ಮೇಲೆ ಬೀಸುಕಲ್ಲು, ಬೀಸುಕಲ್ಲಿನ ಮೇಲೆ ಒರಳು. ಸಾಲದೆನಿಸಿ ತಾನೂ ಹತ್ತಿ ಕುಳಿತ.

ಒಂದು ತಿಂಗಳು ಕಾದ. ಅಚ್ಚು ಬಿಚ್ಚಿದಾಗ ಮರಳು ಚೌಕಾಕಾರವಾಗಿ ನಿಂತಿತ್ತು. ಉಸಿರು ಬಿಗಿಹಿಡಿದು ನೋಡಿದ. ಬೆರಳು ತಾಗಿದ್ದೇ ತಡ, ಉದುರಿಹೋಯಿತು.

"ಆಗೂದಿಲ್ರಿ ಇದು!" ಎಂದು ಕೂಗಾಡಿದ. "ಮನಷ್ಯಾರ ಕೈಲೆ ಆಗೂ ಮಾತಲ್ಲ!"

"ಹಂಗಂತೀಯಾ?" ಎಂದರು ಅವ್ವಾರು. "ಹಂಗಾದ್ರ ಯಾರ ಕೈಲೆ ಆಗ್ತೈತೋ ಅವರನ್ನ ಹೋಗಿ ನೋಡು."

"ಯಾರನ್ನ?"

ಅವರು ಹೊಳೆಯ ಕಡೆ ಗದ್ದ ಎತ್ತಿದರು.

ಮಳೆ ನಿಂತು ಹೊಳೆ ಇಳಿದಿತ್ತು. ನೆರೆ ಕೊರೆದ ದಂಡೆ ಆಳೆತ್ತರದ ಗೋಡೆಯಂತೆ ನಿಂತಿತ್ತು. ಮೌನೇಶ ಬೇಸರದಿಂದಲೇ ಅದರ ಎದುರು ಕುಳಿತ. ಒಂದು ದಿನ ಕುಳಿತ, ಎರಡು ದಿನ ಕುಳಿತ. ಮೂರನೆಯ ದಿನ ಅವನ ಕಣ್ಣಿಗೆ ಗೆರೆಗಳು ಕಂಡವು.

ದಪ್ಪ ಮರಳು, ಅದರ ಮೇಲೆ ಸಣ್ಣ ಮರಳು, ಅದರ ಮೇಲೆ ಬೆರಳಗಲದ ಜೇಡಿಮಣ್ಣು, ಮಣ್ಣಿನಲ್ಲಿ ಒತ್ತಿಕೊಂಡ ಒಂದು ಒಣ ಎಲೆ. ಮತ್ತೆ ದಪ್ಪ ಮರಳು. ಮತ್ತೆ ಸಣ್ಣದು. ಮತ್ತೆ ಮಣ್ಣು.

ಎದ್ದವನೇ ಓಡಿದ. ಅಡುಗೆಮನೆಯ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತ.

"ಅವ್ವಾರ! ಹೊಳಿ ಹಾಳಿ ಹಾಕ್ತೈತ್ರಿ! ಒಂದೊಂದು ಸಲ ನೆರಿ ಬಂದರ ಒಂದೊಂದು ಹಾಳಿ! ಪುಸ್ತಕದಾಗ ಹಾಕಿದಂಗ! ನೆರಿ ಬಂದಾಗ ದಪ್ಪ ಕಾಳು ಮೊದಲ ಕುಂದರತೈತಿ, ಆಮ್ಯಾಲ ಸಣ್ಣ ಕಾಳು, ನೀರು ತಣ್ಣಗ ನಿಂತಾಗ ಮಣ್ಣು. ನಾ ಎಣಿಸಿದೆ, ನಲವತ್ತು ಹಾಳಿ!"

ಅವ್ವಾರ ಕಣ್ಣು ಮಿನುಗಿತು. ಆದರೆ ಕೇಳಿದ್ದು ಇಷ್ಟೇ: "ಎಲ್ಲಾಕ್ಕಿಂತ ಕೆಳಗಿನ ಹಾಳಿ ಏನ್ ಮಾಡ್ತೈತಿ?"

"ಮ್ಯಾಲಿನ ಭಾರ ಎಲ್ಲಾ ಹೊರತೈತ್ರಿ."

"ಭಾರ ಹೊತ್ತರ ಕಲ್ಲು ಆಗ್ತೈತೇನು?"

ಮೌನೇಶನಿಗೆ ತನ್ನ ಅಚ್ಚು ನೆನಪಾಯಿತು. ಬೀಸುಕಲ್ಲು, ಒರಳು, ತಾನು. ಅಡ್ಡಡ್ಡ ತಲೆಯಾಡಿಸಿದ.

"ಬಚ್ಚಲ ಹಂಡೆ ತಿಕ್ಕಿ ಎಷ್ಟು ದಿನ ಆತು?" ಎಂದು ಅವ್ವಾರು ಕೇಳಿದರು. "ಹೋಗಿ ತಿಕ್ಕು."

ಅದು ಸ್ನಾನದ ನೀರು ಕಾಯಿಸುವ ಹಳೆಯ ತಾಮ್ರದ ಹಂಡೆ. ಒಳಗೆಲ್ಲ ಬೆಳ್ಳಗೆ ಕರೆ ಕಟ್ಟಿತ್ತು. ತೆಂಗಿನ ನಾರು, ಹುಣಸೆಹಣ್ಣು, ಬೂದಿ ಎಲ್ಲ ಹಾಕಿ ತಿಕ್ಕಿದ. ತಳದಲ್ಲಿ ಒಂದು ಕಡೆ ಮಾತ್ರ ಏನೂ ಜಗ್ಗಲಿಲ್ಲ. ಕುಡುಗೋಲಿನ ತುದಿಯಿಂದ ಎಬ್ಬಿಸಿದ. ಅಂಗೈ ಅಗಲದ ಒಂದು ಬಿಲ್ಲೆ ಎದ್ದು ಬಂತು.

ಬೆಳಕಿಗೆ ಹಿಡಿದು ನೋಡಿದ. ಹೊಳೆಯ ನೀರಿನ ಜೊತೆ ಹಂಡೆಗೆ ಬಂದು ತಳ ಸೇರಿದ್ದ ಮರಳು ಅದು. ಕಾಳು ಕಾಳಿನ ನಡುವೆ ಬಿಳಿ ಕರೆ ಕುಳಿತು, ಎಲ್ಲವನ್ನೂ ಒಂದಕ್ಕೊಂದು ಕಚ್ಚಿಸಿತ್ತು. ನೆಲಕ್ಕೆ ಕುಟ್ಟಿದ. ಉದುರಲಿಲ್ಲ. ಜೋರಾಗಿ ಕುಟ್ಟಿದ. ಒಡೆಯಿತು, ಆದರೆ ಮರಳಾಗಲಿಲ್ಲ, ಎರಡು ತುಂಡಾಯಿತು.

ಕಲ್ಲು!

ಮೈಯೆಲ್ಲ ಬೂದಿ ಮೆತ್ತಿಕೊಂಡೇ ಅಂಗಳಕ್ಕೆ ಹಾರಿದ.

"ನೀರ್ರಿ ಅವ್ವಾರ! ಕಲ್ಲು ಕಟ್ಟೂದು ನೀರು! ನೀರಾಗ ಕರಗಿದ್ದು ಏನೋ ಇರತೈತಿ, ಸುಣ್ಣದಂಥಾದ್ದು. ಅದು ಕಾಳಿಗೂ ಕಾಳಿಗೂ ನಡುವ ಹೋಗಿ ಕುಂದರತೈತಿ. ಭಾರ ಒತ್ತಿ ಹತ್ರ ತರತೈತಿ, ನೀರು ಬೆಸೀತೈತಿ!"

"ನಿನ್ನ ಇಪ್ಪತ್ತು ಕಲ್ಲಿನ್ಯಾಗ ಕಾಳಿನ ನಡುವ ಏನಿತ್ತು?"

ಮೌನೇಶ ದಂಡೆಗೆ ಹೋಗಿ ಆ ಕೆಂಪು ಕಲ್ಲಿನ ಚೂರು ತಂದ. ನಾಲಿಗೆಯಿಂದ ತೇವ ಮಾಡಿ ಬೆರಳಲ್ಲಿ ಉಜ್ಜಿದ. ಬೆರಳು ಕೆಂಪಾಯಿತು, ಜಿಗುಟಾಯಿತು.

"ಮಣ್ರಿ," ಎಂದ ಮೆಲ್ಲಗೆ. "ಬರೇ ಮಣ್ಣು. ಇದು ಇನ್ನೂ ಪೂರಾ ಕಲ್ಲಾಗಿರಲಿಲ್ಲ. ನಾ ಅದನ್ನ ಕಿತ್ತು ತಂದು ನೀರಾಗ ನಿಲ್ಲಿಸಿದೆ."

ಅವ್ವಾರು ಒಳಗೆ ಹೋಗಿ ಗಂಟು ಬಿಚ್ಚಿದರು. ಸುತ್ತಿಗೆ ಮಾತ್ರ ತಂದು ಅವನ ಕೈಗಿಟ್ಟರು.

"ನಿನ್ನ ಈ ಮರಳಗಲ್ಲಿನ ಪದರು ಇಲ್ಲಿಗೇ ಮುಗಿಯೂದಿಲ್ಲ. ಅದನ್ನ ಹಿಡಕೊಂಡು ಹೊಳಿ ಮ್ಯಾಲಕ ನಡಿ. ಅದು ಎಲ್ಲೀತನಕ ಹೋಗ್ತೈತೋ ಅಲ್ಲೀತನಕ ಹೋಗು. ಹೆಜ್ಜಿ ಹೆಜ್ಜಿಗೂ ಬಡದು ನೋಡು. ಪದರು ಮಾತ್ರ ಬಿಡಬ್ಯಾಡ."

"ಅಲ್ಲೇನೈತ್ರಿ?"

"ಗೊತ್ತಿದ್ದರ ನಿನ್ನ ಯಾಕ ಕಳಸ್ತಿದ್ದೆ?"

*

ಪದರನ್ನು ಗುರುತಿಟ್ಟುಕೊಳ್ಳುವುದು ಕಷ್ಟವಿರಲಿಲ್ಲ. ಕೆಂಪು ಮರಳಗಲ್ಲು, ಅದರ ಮೇಲೊಂದು ಗೇಣು ದಪ್ಪದ ಕಪ್ಪು ಮಣ್ಣಿನ ಪಟ್ಟಿ. ಎರಡೂ ಜೋಡಿಯಾಗಿಯೇ ಹೋಗುತ್ತಿದ್ದವು. ಮಣ್ಣಿನ ಪಟ್ಟಿ ಕಳಚಿದಲ್ಲೆಲ್ಲ ಮರಳಗಲ್ಲಿನ ಮೈಮೇಲೆ ಸಣ್ಣ ಸಣ್ಣ ಏರಿಳಿತ ಕಾಣುತ್ತಿತ್ತು. ಹೊಳೆಯಂಚಿನ ಹಸಿ ಮರಳಿನ ಮೇಲೆ ತೆರೆ ಬಿಟ್ಟುಹೋಗುವ ಗುರುತು ಅದೇ.

ಮೊದಲ ದಿನ ಹೊಡೆದಲ್ಲೆಲ್ಲ 'ದಬ್' ಎಂದಿತು. ಮರಳು ಉದುರಿತು.

ಎರಡನೆಯ ದಿನ ಪದರು ಇಳಿಜಾರಾಯಿತು. ಅದರ ಮೇಲೆ ಬೇರೆ ಬೇರೆ ಕಲ್ಲುಗಳ ರಾಶಿ ಏರಿತು. ಒಂದು ಕಡೆ ನೆಲದೊಳಗೆ ಮುಳುಗಿ ಕಾಣೆಯಾಯಿತು. ಮೌನೇಶ ಅರ್ಧ ದಿನ ಹುಡುಕಿದ. ಹಳ್ಳದ ಆಚೆ ಮತ್ತೆ ಕಪ್ಪು ಪಟ್ಟಿ, ಅದರ ಕೆಳಗೆ ಕೆಂಪು. ಬಡಿದ. 'ಟಕ್' ಎಂದಿತು.

ಮೂರನೆಯ ದಿನ ಹೊಳೆ ಗುಡ್ಡಗಳನ್ನು ಸೀಳಿ ಬರುವ ಕಮರಿಗೆ ಬಂದ. ತಲೆ ಎತ್ತಿ ನೋಡಿದವನು ಹಾಗೇ ನಿಂತುಬಿಟ್ಟ.

ಗುಡ್ಡಕ್ಕೆ ಗುಡ್ಡವೇ ಮಡಿಚಿಟ್ಟ ಕೌದಿಯಂತಿತ್ತು. ನೆಲದ ಮೇಲೆ ಚಪ್ಪಟೆ ಮಲಗಿದ್ದ ಪದರುಗಳು ಇಲ್ಲಿ ಎದ್ದು, ಬಾಗಿ, ಮಡಿಚಿಕೊಂಡು ಮತ್ತೆ ಕೆಳಗಿಳಿದಿದ್ದವು. ಅವುಗಳ ನಡುವೆ ಅವನ ಜೋಡಿ. ಕೆಂಪು ಈಗ ಕೆಂಪಾಗಿರಲಿಲ್ಲ, ತಿಳಿ ಗುಲಾಬಿ. ಆದರೂ ಅದೇ ದಪ್ಪ, ಅದರ ಮೇಲೆ ಅದೇ ಕಪ್ಪು ಪಟ್ಟಿ.

ಎತ್ತರಕ್ಕೆ ಹತ್ತಿ, ಸುತ್ತಿಗೆ ಎತ್ತಿ ಹೊಡೆದ.

'ಟಣ್!'

ಕಿಡಿ ಹಾರಿತು. ಸುತ್ತಿಗೆ ಪುಟಿದು ಮೊಣಕೈಯವರೆಗೆ ಜುಮ್ಮೆಂದಿತು. ಮೌನೇಶ ಗಟ್ಟಿಯಾಗಿ ನಕ್ಕ. ಕಮರಿಯಲ್ಲಿ ಅವನೊಬ್ಬನೇ ಇದ್ದ.

ಬೆವರಿಳಿಸಿ ಒಂದು ಚೂರು ಒಡೆದ. ಒಡೆದ ಮೈ ಕಲ್ಲುಸಕ್ಕರೆಯಂತೆ ಹೊಳೆಯಿತು. ಬೆರಳಲ್ಲಿ ಉಜ್ಜಿದ. ಒಂದು ಕಾಳೂ ಉದುರಲಿಲ್ಲ. ಕಣ್ಣಿನ ಹತ್ತಿರ ಹಿಡಿದ. ಹಳೆಯ ಕಲ್ಲು ಕಾಳುಗಳ ಸುತ್ತ ಬಳಸಿ ಒಡೆಯುತ್ತಿತ್ತು. ಇದು ಕಾಳುಗಳನ್ನೇ ಸೀಳಿಕೊಂಡು ಒಡೆದಿತ್ತು. ಕಾಳಿಗೂ ಕಾಳಿಗೂ ನಡುವೆ ಗೆರೆಯೇ ಇಲ್ಲ. ಎಲ್ಲ ಒಂದೇ ಆಗಿಹೋಗಿದ್ದವು.

ಆಮೇಲೆ ಪದರಿನ ಮೇಲ್ಮೈಯ ಧೂಳು ಒರೆಸಿದ. ಒರೆಸುತ್ತಿದ್ದ ಕೈ ನಿಂತಿತು.

ತೆರೆಗಳು. ಅಂಗೈಗೆ ತಾಗುವಷ್ಟು ಸ್ಪಷ್ಟವಾದ ಸಣ್ಣ ತೆರೆಗಳು, ಉಕ್ಕಿನಂಥ ಕಲ್ಲಿನಲ್ಲಿ.

ಬಿಸಿಲಿಗೆ ಕಾದ ಆ ಕಲ್ಲಿನ ಮೇಲೆ ಕೆನ್ನೆ ಇಟ್ಟು ಮಲಗಿದ. ಎಷ್ಟು ಹೊತ್ತೋ ಅವನಿಗೇ ಗೊತ್ತಿಲ್ಲ. ಎದ್ದಾಗ ಕೆನ್ನೆಯ ಮೇಲೆ ತೆರೆಯ ಅಚ್ಚು ಮೂಡಿತ್ತು.

ಮೇಲಿನ ಕಪ್ಪು ಮಣ್ಣಿನ ಪಟ್ಟಿಯನ್ನೂ ಬಡಿದು ನೋಡಿದ. ಅದು ಮಣ್ಣಾಗಿರಲಿಲ್ಲ. ಶಾಲೆಯ ಪಾಟಿಯಂತೆ ತೆಳ್ಳಗೆ, ನುಣ್ಣಗೆ ಹಲಗೆ ಹಲಗೆಯಾಗಿ ಸೀಳಿ ಬಂತು. ಅದರಲ್ಲಿ ಒಂದು ವಿಚಿತ್ರವಿತ್ತು. ಒಂದು ಹಲಗೆಯನ್ನು ಎದೆಗವಚಿಕೊಂಡ, ಗುಲಾಬಿ ಕಲ್ಲಿನ ಚೂರನ್ನು ಉಡಿಯಲ್ಲಿ ಕಟ್ಟಿಕೊಂಡ, ಹೊರಟ.

ಬರಲು ಮೂರು ದಿನ ಹಿಡಿದಿತ್ತು. ಮರಳಿ ಹೋಗಲು ಒಂದೂವರೆ ದಿನ ಸಾಕಾಯಿತು.

*

"ಅದೇ ರಿ ಅವ್ವಾರ! ಅದೇ ಪದರು!"

ಆಶ್ರಮ ಇನ್ನೂ ದೂರವಿರುವಾಗಲೇ ಕೂಗು ಕೇಳಿಸಿತು. ಅವ್ವಾರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

ಮೌನೇಶ ಎರಡೂ ಚೂರುಗಳನ್ನು ಅವರ ಮುಂದಿಟ್ಟ. ಒಂದು ದಂಡೆಯದು, ಒಂದು ಕಮರಿಯದು. ಎರಡನ್ನೂ ನೀರಿನ ಬೋಗುಣಿಗೆ ಹಾಕಿದ. ಒಂದು ಕೆಂಪಗೆ ಕದಡಿತು. ಇನ್ನೊಂದು ತೊಳೆದ ಹಾಗೆ ಹೊಳೆಯಿತು.

"ಒಂದೇ ಮರಳ್ರಿ! ಒಂದೇ ಹೊಳಿ ಹಾಕಿದ್ದು! ಅಲ್ಲಿ ಏನೋ ಆಗೇತಿ ಅದಕ್ಕ. ಯಾರೋ ಬೇಯಿಸ್ಯಾರ ಅದನ್ನ!"

"ಬೇಯಿಸಿದರ ಕರಗಿ ನೀರಾಗಿರಬೇಕಲ್ಲ? ನೀರಾಗಿ, ಆರಿ, ಮತ್ತ ಗಟ್ಟಿ ಆಗಿರಬೇಕು."

"ಇಲ್ರಿ!" ಮೌನೇಶ ಕುಣಿಯುವುದೊಂದು ಬಾಕಿ. "ಕರಗೇ ಇಲ್ಲ! ಮ್ಯಾಲ ತೆರಿ ಗುರುತು ಹಂಗೇ ಅದಾವ್ರಿ. ಕರಗಿದ್ದರ ತೆರಿ ಉಳೀತಿದ್ದವೇನ್ರಿ?"

ಅವ್ವಾರು ಗುಲಾಬಿ ಚೂರನ್ನು ನೀರಿನಿಂದ ಎತ್ತಿ ಬೆರಳಾಡಿಸಿದರು. ಆಮೇಲೆ ಅವನ ಕೈ ಹಿಡಿದು ಎಬ್ಬಿಸಿ ದಂಡೆಯ ಇಟ್ಟಿಗೆ ಭಟ್ಟಿಗೆ ಕರೆದೊಯ್ದರು. ಒಂದು ಹಸಿ ಇಟ್ಟಿಗೆ, ಒಂದು ಸುಟ್ಟ ಇಟ್ಟಿಗೆ ಎತ್ತಿಕೊಂಡು ಎರಡನ್ನೂ ನೀರಿಗೆ ಬಿಟ್ಟರು. ಹಸಿಯದು ಕೆಸರಾಯಿತು. ಸುಟ್ಟದ್ದು ಗುಳು ಗುಳು ನೀರು ಕುಡಿದು ಸುಮ್ಮನೆ ಕುಳಿತಿತು.

"ಸುಟ್ಟದ್ದರ ಮ್ಯಾಲ ಇಟ್ಟಿಗಿಯವನ ಬೆರಳ ಗುರುತು ಐತಿ ನೋಡು."

"ಐತ್ರಿ. ಹಂಗೇ ಐತಿ." ಮೌನೇಶ ತಲೆಯಾಡಿಸಿದ. "ಆದರ ಅಷ್ಟು ದೊಡ್ಡ ಗುಡ್ಡಕ್ಕ ಭಟ್ಟಿ ಎಲ್ಲೈತ್ರಿ?"

ಅವ್ವಾರು ಹಿಮ್ಮಡಿಯಿಂದ ನೆಲ ಗುದ್ದಿದರು. "ಕೆಳಗ."

"ಎಷ್ಟು ಕೆಳಗ?"

"ಗಣಿಯೊಳಗ ಇಳಿದವರಿಗೆ ಕೇಳು. ಇಳಿದಂಗ ಇಳಿದಂಗ ಗ್ವಾಡಿ ಬಿಸಿ ಆಗ್ತಾವಂತ. ನಿನ್ನ ಪದರು ಅದಕ್ಕೂ ಎಷ್ಟೋ ಪಟ್ಟು ಕೆಳಗ ಹೋಗಿತ್ತು. ಮ್ಯಾಲಿಂದ ಭಾರ, ಕೆಳಗಿಂದ ಸೆಕಿ, ಎರಡೂ ಕಡೆಯಿಂದ ಗುಡ್ಡ ಏಳುವಾಗಿನ ಒತ್ತಾಟ."

"ಮತ್ತ ಮ್ಯಾಲ ಹೆಂಗ ಬಂತ್ರಿ?"

"ಗುಡ್ಡ ಎದ್ದಾಗ ಎದ್ದು ಬಂತು. ಅದರ ಮ್ಯಾಲಿದ್ದದ್ದನ್ನೆಲ್ಲ ಹೊಳಿ ಹೊತ್ತುಕೊಂಡು ಹೋತು."

"ಯಾವ ಹೊಳಿ?"

"ಆಗಿನ ಹೊಳಿ." ಅವ್ವಾರು ಸೆರಗು ಸಿಕ್ಕಿಸಿಕೊಂಡರು. "ನಡಿ. ಗಾಡಿ ಹೂಡಸು. ನಾ ಅದನ್ನ ನೋಡಬೇಕು."

ಮೌನೇಶ ಬೆರಗಾದ. "ನೀವು ನೋಡಿಲ್ಲೇನ್ರಿ?"

"ಇಲ್ಲ. ನನ್ನ ಗುರುಗಳು ಗುಡ್ಡ ಗುಡ್ಡ ತಿರುಗಿದವರು. ನಂಗೂ ಹೋಗಿ ಬಾ ಅಂದಿದ್ದರು. ಅವತ್ತು ಆಶ್ರಮಕ್ಕ ಮಂದಿ ಬಂದಿದ್ದರು, ಅಡಗಿ ಮಾಡೂದಿತ್ತು. ನಾಳೆ ಹೋಗ್ತೀನಿ ಅಂದೆ."

"ಎಷ್ಟು ವರ್ಷ ಆತ್ರಿ?"

"ಐವತ್ತು."

*

ಕಮರಿಯ ಬಾಯಿವರೆಗೆ ಎತ್ತಿನ ಗಾಡಿ ಹೋಯಿತು. ಅಲ್ಲಿಂದ ಮೌನೇಶ ಅವರನ್ನು ಬೆನ್ನ ಮೇಲೆ ಹೊತ್ತು ಹತ್ತಿಸಿದ.

ಮುರಿಗೆಮ್ಮ ತಾಯಿ ಆ ತೆರೆಗಳ ಮೇಲೆ ಕುಳಿತರು. ಎರಡೂ ಅಂಗೈ ಊರಿ ಉದ್ದಕ್ಕೂ ಸವರಿದರು. ಮುಖವೆಲ್ಲ ನಗುವಾಯಿತು. ನಗುತ್ತಲೇ ಕಣ್ಣು ತುಂಬಿ ಬಂದವು. ಅವರು ಒರೆಸಿಕೊಳ್ಳಲಿಲ್ಲ.

ಸ್ವಲ್ಪ ಹೊತ್ತಿನ ಬಳಿಕ ಮೌನೇಶ ಕಪ್ಪು ಕಲ್ಲಿನ ಹಲಗೆ ತಂದು ತೋರಿಸಿದ.

"ಇದೊಂದು ತಿಳೀವಲ್ದು ಅವ್ವಾರ. ಇದರ ಮೈಯಾಗ ಹಳೆ ಹಾಳಿಗಳ ಗೆರಿ ಕಾಣಸ್ತಾವು, ನೋಡ್ರಿ, ಹಿಂಗ ಅಡ್ಡ. ಆದರ ಸೀಳೂದು ಉದ್ದಕ. ಮಣ್ಣಾಗಿದ್ದಾಗ ಹಾಳಿ ಗುಂಟ ಬಿಡತಿತ್ತು. ಈಗ ಹಳೆ ದಾರಿ ಬಿಟ್ಟು ಹೊಸ ದಾರಿ ಹಿಡದೈತಿ. ಯಾಕ?"

ಪಕ್ಕದಲ್ಲಿ ನೀರು ಇಂಗಿದ ಕುಳಿಯೊಂದಿತ್ತು. ಅವ್ವಾರು ಅಲ್ಲಿಂದ ಒಂದು ಮುಷ್ಟಿ ಕೆಸರು ಎತ್ತಿದರು. ಗಾಡಿಯಲ್ಲಿ ಕುಳಿತಾಗ ಸೀರೆಗೆ ಅಂಟಿದ್ದ ಜೋಳದ ಹೊಟ್ಟನ್ನು ಅದರಲ್ಲಿ ಬೆರೆಸಿ ಉಂಡೆ ಕಟ್ಟಿದರು. ಹೊಟ್ಟು ಹೇಗೆಂದರೆ ಹಾಗೆ ಚೆಲ್ಲಾಡಿತ್ತು. ಉಂಡೆಯನ್ನು ಎರಡು ಅಂಗೈಗಳ ನಡುವೆ ಇಟ್ಟು ಎಡಬಲದಿಂದ ಒತ್ತಿದರು. ತಿರುಗಿಸಲಿಲ್ಲ, ತಟ್ಟಲಿಲ್ಲ. ಬರೀ ಒತ್ತುತ್ತಲೇ ಹೋದರು. ಉಂಡೆ ಬಿಲ್ಲೆಯಾಯಿತು.

"ಮುರದು ನೋಡು."

ಮೌನೇಶ ಮುರಿದ. ಹೊಟ್ಟೆಲ್ಲ ಒಂದೇ ದಿಕ್ಕಿಗೆ ತಿರುಗಿ, ಒತ್ತಿದ ಅಂಗೈಗೆ ಮೈಯೊಡ್ಡಿ ಸಾಲಾಗಿ ನಿಂತಿತ್ತು. ಬಿಲ್ಲೆ ಆ ಸಾಲಿನ ಗುಂಟವೇ ಬಿಟ್ಟುಕೊಂಡಿತು.

"ಓಹೋ!" ಅವನ ಕೂಗು ಕಮರಿಯ ಆಚೆ ಗೋಡೆಗೆ ಬಡಿದು ಬಂತು. "ಮಣ್ಣಿನ ಒಳಗಿನ ಚೂರುಗಳು ತಿರುಗಿ ನಿಂತಾವ! ಒತ್ತಡ ಎತ್ತಲಿಂದ ಬಂತೋ ಅತ್ತ ಎದಿ ಕೊಟ್ಟು!"

"ಕೂಗಬ್ಯಾಡ. ಜೇನು ಅದಾವ ಮ್ಯಾಲ," ಎಂದರು ಅವ್ವಾರು. ಅವರೂ ಪಿಸುಗುಡುತ್ತಿರಲಿಲ್ಲ.

ಇಳಿಯುವ ಮೊದಲು ಅವರು ಸೊಂಟದಿಂದ ಗಂಟು ಬಿಚ್ಚಿದರು. ಅದರಲ್ಲಿ ಅವನ ಉಳಿಗಳಿದ್ದವು.

"ಈ ಕಲ್ಲನ್ನ ಯಾವ ಆಕಾರಕ್ಕ ಕಡೀತಿ?"

ಮೌನೇಶ ಒಂದು ಉಳಿ ಎತ್ತಿ ಗುಲಾಬಿ ಕಲ್ಲಿಗೆ ಇಟ್ಟು ಹೊಡೆದ. ಉಳಿಯ ಬಾಯಿ ಮೊಂಡಾಯಿತು. ಕಲ್ಲಿನ ಮೇಲೆ ಬಿಳಿ ಚುಕ್ಕೆಯೊಂದು ಬಿತ್ತು.

ಅವನು ಎದ್ದು ಕಲ್ಲಿನ ಸುತ್ತ ನಡೆದ. ಕುಳಿತು ನೋಡಿದ, ಮಲಗಿ ನೋಡಿದ. ಕಲ್ಲಿನಲ್ಲಿ ತಾನೇ ಬಿಟ್ಟುಕೊಂಡ ಕೂದಲೆಳೆಯ ಸೀಳುಗಳಿದ್ದವು. ಅವು ಕಲ್ಲನ್ನು ಆಗಲೇ ದಿಮ್ಮಿ ದಿಮ್ಮಿಯಾಗಿ ಹಂಚಿದ್ದವು.

"ಕಡಿಯೂದಿಲ್ರಿ," ಎಂದ. "ಇದು ಎಲ್ಲಿ ಬಿಡತೀನಿ ಅಂತೈತೋ ಅಲ್ಲೇ ಬಿಡಸ್ತೀನಿ."

*

ಇಪ್ಪತ್ತು ದಿಮ್ಮಿ ಬಿಡಿಸಲು ಹನ್ನೊಂದು ದಿನವಲ್ಲ, ಎರಡೂವರೆ ತಿಂಗಳು ಬೇಕಾಯಿತು. ಸೀಳುಗಳಿಗೆ ಕಟ್ಟಿಗೆಯ ಬೆಣೆ ಬಡಿದು ನೀರು ಕುಡಿಸಿದ. ಬೆಣೆ ಉಬ್ಬಿ ಕಲ್ಲು ಬಿಟ್ಟುಕೊಂಡಿತು.

ಮೊದಲ ದಿಮ್ಮಿಯನ್ನು ಊರಿನ ದಂಡೆಗೆ ತಂದು, ಹೆಂಗಸರು ನೀರು ತುಂಬುವ ಕಡೆ ಹೊಳೆಯಲ್ಲಿ ಮುಳುಗಿಸಿಟ್ಟ.

"ಇದೂ ಕರಗತೈತೇನೋ ಮೌನೇಶಾ?" ಎಂದು ಒಬ್ಬಳು ಚುಚ್ಚಿದಳು.

"ದಿನಾ ಬಂದು ಕೆರದು ನೋಡು ಅಕ್ಕಾ. ಒಂದು ತಿಂಗಳು ನೋಡು. ಉದುರಿದರ ಹೇಳು."

ಅವರು ಕೆರೆದರು. ಕೊಡದ ತಳದಿಂದ ಉಜ್ಜಿದರು, ಬಟ್ಟೆ ಒಗೆದರು. ತಿಂಗಳಾದ ಮೇಲೆ ಆ ಹೆಂಗಸೇ ಮನೆ ಮನೆಗೆ ಹೋಗಿ ಗಂಡಸರನ್ನು ಎಬ್ಬಿಸಿದಳು. "ಏಳ್ರಿ, ಕಲ್ಲು ಎಳೀಬೇಕು!"

ದಿಮ್ಮಿಗಳನ್ನು ಗಾಲಿಯಿಲ್ಲದ ಮರದ ಜಾರುಗಾಡಿಯ ಮೇಲೆ ಕಟ್ಟಿ ಎಳೆದರು. ನಲವತ್ತು ಮಂದಿ. ಹಾಡು, ಬೈಗುಳ, ಧೂಳು.

ನಾಲ್ಕನೆಯ ದಿನ ಹನಮಂತ ಬಂದ. ಸತ್ತ ಕೂಸು ಅವನದು. ಅಂದಿನಿಂದ ಅವನು ಮೌನೇಶನ ಮುಖ ನೋಡಿರಲಿಲ್ಲ.

ಎಳೆಯುತ್ತಿದ್ದವರು ಹಗ್ಗ ಸಡಿಲಿಸಿದರು. ಮೌನೇಶ ಹಗ್ಗದ ತುದಿ ಹಿಡಿದೇ ನಿಂತಿದ್ದ.

ಹನಮಂತ ಹತ್ತಿರ ಬಂದ. ದಿಮ್ಮಿಯ ಮೇಲೆ ಕೈಯಿಟ್ಟ. ಮುಷ್ಟಿಯಿಂದ ಎರಡು ಸಲ ಗುದ್ದಿದ.

"ಹಗ್ಗ ಕೊಡು," ಎಂದ.

ಅಂದಿನಿಂದ ಕೊನೆಯ ದಿಮ್ಮಿಯವರೆಗೂ ಅವನು ಮುಂದಾಳಾಗಿ ಎಳೆದ.

ಹೊಳೆಯ ತಳದ ಬಂಡೆಯಲ್ಲಿ ಕುಳಿ ತೋಡಿ ಇಪ್ಪತ್ತೂ ಕಲ್ಲು ನಿಲ್ಲಿಸಿದರು. ಮೊದಲ ಮಳೆಹನಿ ಬಿದ್ದಾಗ ಕೊನೆಯ ಕಲ್ಲಿನ ಬುಡಕ್ಕೆ ಜಲ್ಲಿ ಬಡಿಯುತ್ತಿದ್ದರು.

*

ಒಂದು ಮುಂಜಾನೆ ಆಚೆಯಿಂದ ಕೂಗು ಬಂತು. ಹನಮಂತನ ದನಿ.

"ದ್ಯಾಮವ್ವಾ! ನನ್ನ ತಂಗಿಗೆ ನೋವು ಶುರು ಆಗೇತಿ!"

ಹೊಳೆ ತುಂಬಿತ್ತು. ಕೆಂಪು ನೀರು ಕಲ್ಲುಗಳ ನೆತ್ತಿಯ ಮೇಲೆ ಎರಡು ಬೆರಳು ಹರಿಯುತ್ತಿತ್ತು. ದ್ಯಾಮವ್ವ ಕೋಲೂರಿ ದಂಡೆಗೆ ಬಂದಳು. ಆಕೆಯ ಕಾಲು ಕೂಡಿತ್ತು, ಆದರೆ ತುಸು ಸೊಟ್ಟಗೆ.

"ಕಲ್ಲು ಕಾಣವಲ್ಲವು," ಎಂದಳು.

"ನಾ ಮುಂದ ಹೋಗ್ತೀನಿ ದ್ಯಾಮವ್ವ. ನಾ ಇಟ್ಟಲ್ಲಿ ಕಾಲು ಇಡು. ಕೈ ಹಿಡಕೊ," ಎಂದ ಕೂಗು ಕೇಳಿ ಓಡಿ ಬಂದಿದ್ದ ಮೌನೇಶ.

"ಕೈ ಬ್ಯಾಡ. ಕಲ್ಲು ಗಟ್ಟಿ ಅದಾವೋ ಇಲ್ಲೋ, ಅದನ್ನ ಹೇಳು."

"ಗಟ್ಟಿ ಅದಾವು."

"ಖರೇನ?"

"ಖರೇ."

ಅವನು ನಡೆದ. ಅವಳು ನಡೆದಳು. ಅವ್ವಾರು ದಂಡೆಯಲ್ಲಿ ನಿಂತು ನೋಡಿದರು.

ನಡುಹೊಳೆಗೆ ಬಂದಾಗ ಮೇಲಿನಿಂದ ಮರದ ದಿಮ್ಮಿಯೊಂದು ತೇಲಿ ಬಂತು. ನೇರ ಅವರ ಕಡೆಗೇ. ಮೌನೇಶ ತಿರುಗಿ ಎರಡೂ ತೋಳು ಚಾಚಿದ. ಮರ ಅವರ ಪಕ್ಕದ ಕಲ್ಲಿಗೆ ಬಡಿಯಿತು.

ಹೊಳೆಯ ಮೊರೆತದ ನಡುವೆಯೂ ಆ ಸದ್ದು ಎರಡೂ ದಂಡೆಗೆ ಕೇಳಿಸಿತು. ಕಲ್ಲು ಅಲುಗಲಿಲ್ಲ. ಮರ ಗರಗರ ತಿರುಗಿ ಸಂದಿಯಲ್ಲಿ ಜಾರಿಹೋಯಿತು.

"ನಿಂತಿ ಯಾಕ?" ಎಂದಳು ದ್ಯಾಮವ್ವ. "ಅಲ್ಲಿ ನೋವು ತಿನ್ನಾಕತ್ತಾಳ ಆಕಿ. ನಡಿ!"

ಆಕೆ ಕೊನೆಯ ಕಲ್ಲಿನಿಂದ ಕೆಳಗಿಳಿದಾಗ ದಂಡೆಯಲ್ಲಿದ್ದವರು ಹೋ ಎಂದರು. ಆಕೆ ಯಾರ ಕಡೆಗೂ ನೋಡದೆ ಕುಂಟುತ್ತ ಬಿರಬಿರನೆ ಊರೊಳಗೆ ಹೋದಳು.

ಮೌನೇಶ ಮರಳಲಿಲ್ಲ. ಆ ದಂಡೆಯಲ್ಲೇ ಮೊಣಕಾಲು ತಬ್ಬಿಕೊಂಡು ಕುಳಿತ. ಹೊತ್ತು ಏರಿತು.

ನೆತ್ತಿಯ ಮೇಲೆ ಬಿಸಿಲು ಬಂದಾಗ ಊರೊಳಗಿಂದ ಹಿತ್ತಾಳೆ ತಾಟು ಬಾರಿಸಿದ ಸದ್ದು ಕೇಳಿಸಿತು. ನಿಲ್ಲದೆ, ಹುಚ್ಚು ಹಿಡಿದವರಂತೆ, ಯಾರೋ ಬಾರಿಸುತ್ತಿದ್ದರು. ಹನಮಂತ ತಾಟು ಹಿಡಿದುಕೊಂಡೇ ಬೀದಿಯಲ್ಲಿ ಓಡಿ ಬಂದ.

"ಹೆಣ್ಣು ಕೂಸು! ಇಬ್ಬರೂ ಆರಾಮ ಅದಾರ!"

ಬಂದವನೇ ಮೌನೇಶನನ್ನು ಎಳೆದು ನಿಲ್ಲಿಸಿ ತಾಟನ್ನು ಅವನ ಕೈಗೆ ಕೊಟ್ಟ. "ನೀನೂ ಬಾರಸು."

ಮೌನೇಶ ಬಾರಿಸಿದ.

*

ಎರಡು ದಿನದಲ್ಲಿ ನೀರು ಇಳಿಯಿತು. ಇಪ್ಪತ್ತು ಕಲ್ಲುಗಳು ತೊಳೆದಿಟ್ಟಂತೆ ಬಿಸಿಲಿಗೆ ಹೊಳೆದವು. ಈ ದಂಡೆಯ ಆಶ್ರಮ, ಗುಡಿಸಲುಗಳ ಜನ ಕೂಸನ್ನು ನೋಡಲು ಹೊರಟರು. ಕೊಬ್ಬರಿ, ಬೆಲ್ಲ, ಹಳೆಯ ಮೆತ್ತನೆ ಬಟ್ಟೆಯ ಗಂಟುಗಳು.

ಮೌನೇಶ ಮುಂದೆ, ಅವನ ಹಿಂದೆ ಅವ್ವಾರು. ನಡುಹೊಳೆಯ ಕಲ್ಲಿನ ಮೇಲೆ ಮೌನೇಶ ತಟ್ಟನೆ ಕುಳಿತ. ನೀರು ಸವರಿ ಹೋಗುವ ಅಂಚನ್ನು ಬೆರಳಿಂದ ತಡವಿದ. ಮರ ಬಡಿದಲ್ಲಿ ಸಣ್ಣ ಚಕ್ಕೆಯೊಂದು ಎದ್ದಿತ್ತು. ಅದನ್ನು ಎತ್ತಿ ನೀರಿಗೆ ಬಿಟ್ಟ. ಅದು ಹೊರಳುತ್ತ ಕೆಳಗೆ ಹೋಯಿತು.

"ಅವ್ವಾರ, ಇಷ್ಟು ಬೆಂದು, ಇಷ್ಟು ಒತ್ತಿಸಿಕೊಂಡು ಗಟ್ಟಿ ಆದ ಕಲ್ಲು. ಇದೂ ಒಂದಿನ ಸವದು ಮತ್ತ ಮರಳಾಗತೈತೇನ್ರಿ?"

ಮುರಿಗೆಮ್ಮ ತಾಯಿ ಹೊಳೆಯ ಮೇಲ್ಗಡೆ ನೋಡಿದರು. ಕೆಳಗಡೆ ನೋಡಿದರು. ಆಮೇಲೆ ತಿರುಗಿ, ತಮ್ಮ ಹಿಂದೆ ಒಂದೊಂದು ಕಲ್ಲಿನ ಮೇಲೆ ಒಬ್ಬೊಬ್ಬರಂತೆ ಗಂಟು ಹೊತ್ತು ನಿಂತಿದ್ದ ಹೆಂಗಸರನ್ನು ನೋಡಿದರು.

"ಆಗತೈತಿ," ಎಂದರು. "ನಡಿ ಮುಂದ. ಹಿಂದ ಮಂದಿ ನಿಂತಾರ."